ಬಾಗಿಲು ಕಾಯುವ ಚರ್ಮ

ಮಾನವ ಶರೀರದ ಅವಯವಗಳಲ್ಲಿ ಚರ್ಮದಷ್ಟು ದುಡಿದು, ಚರ್ಮದಷ್ಟು ಕಡಮೆ ಮನ್ನಣೆ ಪಡೆದ ಅಂಗ ಮತ್ತೊಂದಿಲ್ಲ. ಕವಿಗಳು ಕಣ್ಣನ್ನು ವರ್ಣಿಸಿದರು. ಭಾವುಕರು ಹೃದಯವನ್ನು ಹಾಡಿದರು. ಪಂಡಿತರು ಮಿದುಳನ್ನು ಕೊಂಡಾಡಿದರು. ಚರ್ಮವಾದರೋ ಬರಿಯ ಹೊದಿಕೆಯೆಂಬ ಹೆಸರನ್ನು ಹೊತ್ತು ಮೌನವಾಗಿ ತನ್ನ ಕಾಯಕವನ್ನು ನಡೆಸುತ್ತ ಬಂದಿದೆ. ವಯಸ್ಕ ವ್ಯಕ್ತಿಯಲ್ಲಿ ಅದರ ವಿಸ್ತಾರ ಸುಮಾರು 1.5ರಿಂದ 2 ಚದರ ಮೀಟರು. ಒಳಗಿನ ನೀರು ಆರಿಹೋಗದಂತೆ ತಡೆಯುವುದು, ಹೊರಗಿನ ವಿಷವೂ ರೋಗಾಣುವೂ ಒಳನುಗ್ಗದಂತೆ ಕಾಯುವುದು, ಇವೆರಡೂ ಅದರ ನಿತ್ಯದ ಹೊಣೆ. ಈ ಕಾವಲು ಒಂದು ದಿನ ಸಡಿಲಗೊಂಡರೆ ಏನಾಗುವುದೆಂಬುದನ್ನು ಮೈಯೆಲ್ಲ ಸುಟ್ಟ ಗಾಯಾಳುವಿನ ಬಳಿ ಕುಳಿತವರು ಬಲ್ಲರು.

ಆದರೆ ಕಾವಲುಗಾರನ ಗುಣವೇ ಕೆಲವೊಮ್ಮೆ ಮನೆಯವರಿಗೆ ತೊಡಕಾಗುವುದುಂಟು. ಮೊಣಕಾಲು ನೋಯುತ್ತಿದೆ, ನೋವನ್ನು ತಗ್ಗಿಸುವ ಔಷಧ ಕೈಯಲ್ಲಿದೆ, ನೋವಿನ ಜಾಗಕ್ಕೂ ಔಷಧಕ್ಕೂ ನಡುವೆ ಇರುವ ಅಂತರ ಹೆಚ್ಚೆಂದರೆ ಕೆಲವು ಮಿಲಿಮೀಟರು. ಅಷ್ಟು ಸಮೀಪದಲ್ಲಿದ್ದರೂ ಔಷಧ ಒಳಹೋಗಲಾರದು, ಏಕೆಂದರೆ ಬಾಗಿಲಲ್ಲಿ ಚರ್ಮ ನಿಂತಿದೆ. ಉರಿಯೂತವನ್ನು ಶಮನಗೊಳಿಸುವ ಔಷಧಗಳನ್ನು ಅಂಟುಪಟ್ಟಿಯ ಮೂಲಕ, ಅಂದರೆ ಜನರು ಪ್ಯಾಚ್ ಎಂದು ಕರೆಯುವ ಸಾಧನದ ಮೂಲಕ, ಚರ್ಮವನ್ನು ದಾಟಿಸಿ ಒಳಗೆ ಕಳುಹಿಸುವ ವಿದ್ಯೆ ಈ ಒಂದು ತೊಡಕನ್ನು ಬಿಡಿಸಲು ಹುಟ್ಟಿದುದು. ಆ ವಿದ್ಯೆಯ ನಡೆ, ಅದರ ಗೆಲವು, ಅದರ ಮಿತಿ, ಇವುಗಳನ್ನು ತಿಳಿಯುವುದು ವೈದ್ಯರಿಗೆ ಮಾತ್ರವಲ್ಲ, ಮೊಣಕಾಲುಳ್ಳ ಎಲ್ಲರಿಗೂ ಉಪಯುಕ್ತವಾದುದು.

ಹೊರಗಿನಿಂದ ಔಷಧ ಹಚ್ಚಿ ಒಳಗಿನ ನೋವನ್ನು ಕಳೆಯುವ ಪ್ರಯತ್ನ ಈ ನಾಡಿಗೆ ಹೊಸತೇನೂ ಅಲ್ಲ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಬಿಸಿಯಿರುವಾಗಲೇ ಮೊಣಕಾಲಿಗೆ ಕಟ್ಟುವ ಅಜ್ಜಿಯರು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿಯೂ ಇದ್ದರು, ಹಳೆಯ ಮೈಸೂರಿನಲ್ಲಿಯೂ ಇದ್ದರು. ಲಕ್ಕಿ ಸೊಪ್ಪಿನ ಕಾವು, ಅರಿಶಿನ ಸುಣ್ಣದ ಪಟ್ಟು ಮುಂತಾದವು ಮನೆಮನೆಯ ಅನುಭವ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಲೇಪಗಳಿಗೇ ಮೀಸಲಾದ ವಿಚಾರವಿದೆ. ಲೇಪವನ್ನು ರೋಮದ ಓಟಕ್ಕೆ ಎದುರಾಗಿ ಹಚ್ಚಬೇಕು, ಹಾಗೆ ಹಚ್ಚಿದರೆ ಅದು ರೋಮಕೂಪಗಳ ಮೂಲಕ ಒಳಸೇರುತ್ತದೆ ಎಂದು ಅಲ್ಲಿ ಹೇಳಲಾಗಿದೆ. ಒಣಗಿದ ಲೇಪವನ್ನು ಮೈಮೇಲೆ ಉಳಿಸಬಾರದೆಂಬ ಎಚ್ಚರಿಕೆಯೂ ಅಲ್ಲಿದೆ. ಬಿಸಿ ಮಾಡಬೇಕು, ಮುಚ್ಚಿ ಕಟ್ಟಬೇಕು, ತೇವ ಆರಗೊಡಬಾರದು ಎಂಬ ಮೂರು ನಿಯಮಗಳನ್ನು ಹಿಂದಿನವರು ಕೇವಲ ಅನುಭವದಿಂದ ಕಂಡುಕೊಂಡಿದ್ದರು. ಇಂದಿನ ಪ್ರಯೋಗಶಾಲೆಗಳು ಈ ಮೂರಕ್ಕೂ ಕಾರಣವನ್ನು ಕೊಡಬಲ್ಲವು.

ಈ ವಿದ್ಯೆಯ ಅಗತ್ಯವೇನೆಂಬುದನ್ನು ಅರಿಯಲು ಒಬ್ಬ ಶಿಕ್ಷಕರನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬಹುದು. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತು ಪಾಠ ಹೇಳಿ ನಿವೃತ್ತರಾದ ಅಂಥವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಮೊಣಕಾಲಿನ ಮೃದ್ವಸ್ಥಿ ಸವೆದಿದೆ. ದಾಸೋಹದ ಪಂಕ್ತಿಯಲ್ಲಿ ಎಲ್ಲರೊಡನೆ ನೆಲದ ಮೇಲೆ ಕೂಡಲಾರರು. ಕುಳಿತರೆ ಏಳಲು ಹಳೆಯ ವಿದ್ಯಾರ್ಥಿಯೊಬ್ಬನು ಕೈಕೊಡಬೇಕು. ಹಾಗೆ ಕೈ ಹಿಡಿಸಿಕೊಳ್ಳುವ ಸಂಕೋಚ ನೋವಿಗಿಂತಲೂ ದೊಡ್ಡದು. ಅಂಗಡಿಯಿಂದ ತಂದ ಗುಳಿಗೆ ನುಂಗಿದರೆ ಎರಡು ದಿನ ನಿರಾಳ. ಮೂರನೆಯ ದಿನ ಮತ್ತೆ ಗುಳಿಗೆ. ಹೀಗೆ ತಿಂಗಳುಗಳು ಉರುಳುತ್ತವೆ. ಒಂದು ದಿನ ಹೊಟ್ಟೆಯಲ್ಲಿ ಸಂಕಟ, ಮಲದಲ್ಲಿ ಕಪ್ಪು ಬಣ್ಣ. ವೈದ್ಯರು ಪರೀಕ್ಷಿಸಿ ಜಠರದ ಹುಣ್ಣಿನಿಂದ ರಕ್ತ ಸೋರುತ್ತಿದೆಯೆಂದು ಹೇಳುತ್ತಾರೆ. ಇಂಥ ಕಥೆ ಒಂದೂರಿನದಲ್ಲ, ಒಬ್ಬರದಲ್ಲ.

ಹೀಗೇಕೆ ಆಗುತ್ತದೆ? ಇದಕ್ಕೆ ಉತ್ತರವನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ವೇನ್ ಅವರು 1971ರಲ್ಲಿ ಕಂಡುಹಿಡಿದರು. ಗಾಯವಾದೆಡೆ, ಸವೆದೆಡೆ, ಶರೀರವು ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳನ್ನು ತಯಾರಿಸುತ್ತದೆ. ಊತಕ್ಕೂ ನೋವಿಗೂ ಇವು ಕಾರಣ. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಗಳು ಈ ದ್ರವ್ಯಗಳ ತಯಾರಿಕೆಯನ್ನು ತಡೆಯುತ್ತವೆ. ಈ ಸಂಶೋಧನೆಗಾಗಿ ವೇನ್ ಅವರು 1982ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಸ್ಯಾಮ್ಯುಯೆಲ್‌ಸನ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ತೊಡಕಿರುವುದು ಇಲ್ಲಿಯೇ. ಅದೇ ಪ್ರೊಸ್ಟಗ್ಲಾಂಡಿನ್‌ಗಳು ಜಠರದ ಒಳಪೊರೆಯನ್ನು ಆಮ್ಲದಿಂದ ರಕ್ಷಿಸುತ್ತವೆ. ಮೂತ್ರಪಿಂಡಗಳಿಗೆ ರಕ್ತದ ಹರಿವನ್ನು ಕಾಪಾಡುತ್ತವೆ. ನುಂಗಿದ ಗುಳಿಗೆ ರಕ್ತದಲ್ಲಿ ಬೆರೆತು ಮೈಯೆಲ್ಲ ಸಂಚರಿಸುವುದರಿಂದ ಮೊಣಕಾಲಿನಲ್ಲಿ ಮಾಡುವ ಕೆಲಸವನ್ನೇ ಜಠರದಲ್ಲಿಯೂ ಮೂತ್ರಪಿಂಡದಲ್ಲಿಯೂ ಮಾಡುತ್ತದೆ. ಊಟವಾದ ಮೇಲೆ ನುಂಗಿದರೂ ಈ ಅಪಾಯ ಸಂಪೂರ್ಣವಾಗಿ ತಪ್ಪದು, ಏಕೆಂದರೆ ಹಾನಿ ರಕ್ತದ ದಾರಿಯಿಂದಲೂ ಬರುತ್ತದೆ. ಒಂದು ಗದ್ದೆಗೆ ನೀರು ಹಾಯಿಸಲು ಕೆರೆಯ ತೂಬನ್ನೇ ತೆರೆದು ಊರನ್ನೆಲ್ಲ ತೋಯಿಸಿದಂತೆ ಇದು. ನೋವಿರುವ ಗದ್ದೆಗಷ್ಟೇ ಕಾಲುವೆ ತೋಡಲು ಸಾಧ್ಯವಾದರೆ ಮುಪ್ಪಿನವರ ಬಾಳು ಎಷ್ಟೋ ಹಗುರವಾದೀತು.

ಈ ಕಾಲುವೆಗೆ ಅಡ್ಡ ನಿಂತಿರುವ ಒಡ್ಡು ಚರ್ಮದ ಅತ್ಯಂತ ಹೊರಗಿನ ಪದರ. ವಿಜ್ಞಾನಿಗಳು ಅದನ್ನು ಸ್ಟ್ರಾಟಮ್ ಕಾರ್ನಿಯಮ್ ಎನ್ನುತ್ತಾರೆ. ಕನ್ನಡದಲ್ಲಿ ಕೊಂಬಿನ ಪದರವೆನ್ನಬಹುದು. ಅಂಗೈ ಅಂಗಾಲುಗಳನ್ನು ಬಿಟ್ಟರೆ ಅದರ ದಪ್ಪ ಕೇವಲ 10ರಿಂದ 20 ಮೈಕ್ರೋಮೀಟರು, ಅಂದರೆ ಮಿಲಿಮೀಟರಿನ ನೂರನೆಯ ಒಂದೆರಡು ಪಾಲು. ಅದರಲ್ಲಿರುವ ಜೀವಕೋಶಗಳು ಸತ್ತು ಚಪ್ಪಟೆಯಾದವು. ಸತ್ತ ಜೀವಕೋಶಗಳ ಈ ಪದರಕ್ಕೆ ಏನು ಮಹತ್ವವೆಂದು ಬಹುಕಾಲ ಅನೇಕರು ಅದನ್ನು ಅಲಕ್ಷಿಸಿದ್ದರು. ಅಮೆರಿಕದ ಶೂಪ್ಲೈನ್ ಮತ್ತು ಬ್ಲ್ಯಾಂಕ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ನಡೆಸಿ 1971ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದ ಅಧ್ಯಯನಗಳಿಂದ ಚರ್ಮದ ನಿಜವಾದ ತಡೆ ಈ ತೆಳು ಪದರದಲ್ಲಿಯೇ ಇದೆಯೆಂಬುದು ಖಚಿತವಾಯಿತು.

ಅದರ ರಚನೆಯನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದು ವಾಡಿಕೆ. ಚಪ್ಪಟೆಯಾದ ಜೀವಕೋಶಗಳೇ ಇಟ್ಟಿಗೆಗಳು. ಅವುಗಳ ನಡುವೆ ತುಂಬಿರುವ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳ ಮಿಶ್ರಣವೇ ಗಾರೆ. ಔಷಧದ ಅಣು ಇಟ್ಟಿಗೆಯನ್ನು ಭೇದಿಸಿ ಹೋಗುವುದು ವಿರಳ; ಅದು ಗಾರೆಯ ಸಂದಿನಲ್ಲಿ ಸುತ್ತಿ ಬಳಸಿ ನುಸುಳಬೇಕು. ಗಾರೆ ಜಿಡ್ಡಿನದಾದುದರಿಂದ ನೀರಿನಲ್ಲಿ ಮಾತ್ರ ಕರಗುವ ದ್ರವ್ಯಕ್ಕೆ ಅಲ್ಲಿ ಪ್ರವೇಶವಿಲ್ಲ. ಎಣ್ಣೆಯಲ್ಲಿ ಮಾತ್ರ ಕರಗುವ ದ್ರವ್ಯಕ್ಕೂ ಸುಖವಿಲ್ಲ. ಅದು ಗಾರೆಯನ್ನು ಸೇರಿ ಅಲ್ಲಿಯೇ ಉಳಿಯುತ್ತದೆ, ಏಕೆಂದರೆ ಅದರ ಕೆಳಗಿನ ಜೀವಂತ ಪದರ ನೀರಿನಿಂದ ಕೂಡಿದುದು. ಎಣ್ಣೆಯೊಡನೆಯೂ ನೀರಿನೊಡನೆಯೂ ಬಾಳಬಲ್ಲ ಅಣುವಿಗೆ ಮಾತ್ರ ದಾರಿ. ಇದಲ್ಲದೆ ಗಾತ್ರದ ನಿಯಮವೊಂದಿದೆ. ಅಣುತೂಕ 500ನ್ನು ಮೀರಿದ ದ್ರವ್ಯಗಳು ಆರೋಗ್ಯವಂತ ಚರ್ಮವನ್ನು ದಾಟುವುದು ದುರ್ಲಭವೆಂದು ಬಾಸ್ ಮತ್ತು ಮೈನಾರ್ಡಿ ಎಂಬ ವಿಜ್ಞಾನಿಗಳು 2000ದಲ್ಲಿ ಸೂಚಿಸಿದರು. ಸುದೈವದಿಂದ ಉರಿಯೂತ ಶಮನಕಾರಿ ಔಷಧಗಳು ಸಣ್ಣ ಅಣುಗಳು. ಐಬುಪ್ರೊಫೆನ್ ತೂಕ ಸುಮಾರು 206, ಕೀಟೊಪ್ರೊಫೆನ್ ತೂಕ 254, ಡೈಕ್ಲೊಫೆನಾಕ್ ತೂಕ 296. ಗಾತ್ರದ ಪರೀಕ್ಷೆಯಲ್ಲಿ ಇವೆಲ್ಲವೂ ಉತ್ತೀರ್ಣ. ಆದರೆ ಗಾತ್ರವೊಂದೇ ಪರೀಕ್ಷೆಯಲ್ಲ.

ನೋವಿನ ಪಟ್ಟಿಗಳ ಇತಿಹಾಸದಲ್ಲಿ ಜಪಾನಿಗೆ ಅಗ್ರಸ್ಥಾನ ಸಲ್ಲುತ್ತದೆ. 1847ರಲ್ಲಿ ಸ್ಥಾಪಿತವಾದ ಹಿಸಮಿತ್ಸು ಸಂಸ್ಥೆಯು 1934ರಲ್ಲಿ ಸಲೋನ್‌ಪಾಸ್ ಎಂಬ ಪಟ್ಟಿಯನ್ನು ಮಾರುಕಟ್ಟೆಗೆ ತಂದಿತು. ಔಷಧವನ್ನು ಅಳತೆಮೀರದಂತೆ, ಒಂದೇ ಗತಿಯಲ್ಲಿ, ಚರ್ಮದ ಮೂಲಕ ರಕ್ತಕ್ಕೆ ಸೇರಿಸುವ ಆಧುನಿಕ ಪಟ್ಟಿಯ ಕಲ್ಪನೆಯಾದರೋ ಅಲೆಹಾಂದ್ರೊ ಜಫರೋನಿ ಅವರದು. ಅವರು 1968ರಲ್ಲಿ ಅಮೆರಿಕದಲ್ಲಿ ಆಲ್ಜಾ ಎಂಬ ಸಂಸ್ಥೆಯನ್ನು ಕಟ್ಟಿದರು. ಪ್ರಯಾಣದ ವಾಕರಿಕೆಯನ್ನು ತಡೆಯುವ ಸ್ಕೊಪೊಲಮಿನ್ ಪಟ್ಟಿಗೆ 1979ರಲ್ಲಿ ಅಲ್ಲಿನ ಸರಕಾರದ ಸಮ್ಮತಿ ದೊರೆಯಿತು. ಕಿವಿಯ ಹಿಂಭಾಗದಲ್ಲಿ ಅಂಟಿಸುವ ಆ ಪುಟ್ಟ ಪಟ್ಟಿ ಮೂರು ದಿನಗಳಲ್ಲಿ ಒಳಗೆ ಕಳುಹಿಸುವ ಔಷಧ ಸುಮಾರು 1 ಮಿಲಿಗ್ರಾಮು. ಅಷ್ಟೇ ಸಾಕು, ಏಕೆಂದರೆ ಆ ಔಷಧ ಅತ್ಯಂತ ಪ್ರಬಲವಾದುದು. ಉರಿಯೂತದ ಔಷಧಗಳಿಗೆ ಈ ಅನುಕೂಲವಿಲ್ಲ. ಡೈಕ್ಲೊಫೆನಾಕ್ ಗುಳಿಗೆಯೊಂದರಲ್ಲಿ ಸಾಮಾನ್ಯವಾಗಿ 50 ಮಿಲಿಗ್ರಾಮು ಇರುತ್ತದೆ. ಅಷ್ಟು ಪ್ರಮಾಣವನ್ನು ಚರ್ಮದ ಮೂಲಕ ಸಾಗಿಸುವುದು ದೊಡ್ಡ ಮಾತು.

ಎಷ್ಟು ದೊಡ್ಡ ಮಾತೆಂಬುದಕ್ಕೆ ಒಂದು ಉದಾಹರಣೆ ಸಾಕು. ಡೈಕ್ಲೊಫೆನಾಕನ್ನು ಎಪೊಲಮಿನ್ ಎಂಬ ಪ್ರತ್ಯಾಮ್ಲದೊಡನೆ ಕೂಡಿಸಿ ಮಾಡಿದ ಲವಣದ ಪಟ್ಟಿಯೊಂದು ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡು 2007ರಲ್ಲಿ ಅಮೆರಿಕದ ಸಮ್ಮತಿಯನ್ನೂ ಪಡೆಯಿತು. 10 ಸೆಂಟಿಮೀಟರು ಅಗಲ, 14 ಸೆಂಟಿಮೀಟರು ಉದ್ದದ ಆ ಪಟ್ಟಿಯಲ್ಲಿ 180 ಮಿಲಿಗ್ರಾಮು ಔಷಧವಿದೆ. ಹನ್ನೆರಡು ಗಂಟೆಗಳ ಕಾಲ ಅಂಟಿಸಿಕೊಂಡು ಕಿತ್ತು ತೆಗೆದ ಪಟ್ಟಿಯಲ್ಲಿ ಇನ್ನೂ 170 ಮಿಲಿಗ್ರಾಮಿನಷ್ಟು ಔಷಧ ಉಳಿದಿರಬಹುದೆಂದು ಅದರ ವಿವರಪತ್ರವೇ ಎಚ್ಚರಿಸುತ್ತದೆ. ಅಂದರೆ ಹದಿನೆಂಟರಲ್ಲಿ ಹದಿನೇಳು ಪಾಲು ಬಾಗಿಲ ಹೊರಗೇ ನಿಂತು ಹಿಂದಿರುಗುತ್ತದೆ. ಚರ್ಮದ ಕಾವಲು ಎಷ್ಟು ಬಿಗಿಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಪಟ್ಟಿಯ ಪೊಟ್ಟಣದ ಮೇಲೆ ಮುದ್ರಿತವಾದ ಮಿಲಿಗ್ರಾಮುಗಳನ್ನು ಓದಿ ಅದರ ಶಕ್ತಿಯನ್ನು ಅಳೆಯುವವರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು. ಪಟ್ಟಿಯ ಯೋಗ್ಯತೆ ಅದರಲ್ಲಿ ತುಂಬಿರುವುದರಿಂದಲ್ಲ, ಅದರಿಂದ ಹೊರಟು ಒಳಸೇರುವುದರಿಂದ ನಿರ್ಧಾರವಾಗುತ್ತದೆ.

ಹಾಗಿದ್ದರೆ ಉಳಿದ ಔಷಧ ವ್ಯರ್ಥವೇ? ಪೂರ್ತಿ ವ್ಯರ್ಥವೆನ್ನಲಾಗದು. ದ್ರವ್ಯವು ಹೆಚ್ಚು ಸಾರತೆಯುಳ್ಳ ಕಡೆಯಿಂದ ಕಡಮೆ ಸಾರತೆಯ ಕಡೆಗೆ ಹರಿಯುತ್ತದೆಂಬ ವಿಸರಣದ ನಿಯಮವನ್ನು ಜರ್ಮನಿಯ ಅಡಾಲ್ಫ್ ಫಿಕ್ 1855ರಲ್ಲಿಯೇ ನಿರೂಪಿಸಿದ್ದರು. ಪಟ್ಟಿಯಲ್ಲಿ ಔಷಧ ತುಂಬಿರುವವರೆಗೆ ಒತ್ತಡ ಕುಗ್ಗದು. ಮೊದಲ ಗಂಟೆಯಲ್ಲಿ ಹೇಗೋ ಕೊನೆಯ ಗಂಟೆಯಲ್ಲಿಯೂ ಹಾಗೆಯೇ ಔಷಧ ಸಾಗುತ್ತಿರುತ್ತದೆ. ಆದರೆ ಅಮೆರಿಕದ ಟಕೇರು ಹಿಗುಚಿ ಅವರು 1960ರಲ್ಲಿ ಇನ್ನೊಂದು ಸೂಕ್ಷ್ಮವನ್ನು ತೋರಿಸಿದರು. ಔಷಧವನ್ನು ಮುಂದಕ್ಕೆ ನೂಕುವುದು ಅದರ ಪ್ರಮಾಣವಷ್ಟೇ ಅಲ್ಲ. ತಾನಿರುವ ಮಾಧ್ಯಮವನ್ನು ಬಿಟ್ಟು ಹೊರಡುವ ಅದರ ಪ್ರವೃತ್ತಿ. ಔಷಧವು ಲೇಪದಲ್ಲಿ ಬಹಳ ಸುಲಭವಾಗಿ ಕರಗಿ ಸುಖವಾಗಿದ್ದರೆ ಅಲ್ಲಿಂದ ಕದಲುವುದಿಲ್ಲ. ಕರಗುವಿಕೆಯ ಅಂಚಿನಲ್ಲಿ, ಇನ್ನು ಹಿಡಿಸದೆಂಬಷ್ಟು ತುಂಬಿದಾಗಲೇ ಅದು ಚರ್ಮದತ್ತ ಹೊರಡುತ್ತದೆ. ಪಟ್ಟಿಗಳನ್ನು ಉತ್ತಮಪಡಿಸುವ ಪ್ರಯತ್ನಗಳಲ್ಲಿ ಬಹುಪಾಲು ಈ ಎರಡು ತತ್ತ್ವಗಳ ಮೇಲೆ ನಿಂತಿವೆ.

ಮೊದಲನೆಯ ಪ್ರಯತ್ನ ಮಾಧ್ಯಮವನ್ನು ಔಷಧದಿಂದ ತುಂಬಿಸುವುದು. ಸಂತೃಪ್ತ ದ್ರಾವಣಕ್ಕಿಂತಲೂ ಅತಿಸಂತೃಪ್ತ ದ್ರಾವಣದಲ್ಲಿ ಹೊರಡುವ ಪ್ರವೃತ್ತಿ ಹೆಚ್ಚು. ಆದರೆ ಸಕ್ಕರೆಯ ಪಾಕ ಮಾಡಿದವರಿಗೆಲ್ಲ ಇದರ ಕಷ್ಟ ತಿಳಿದಿದೆ: ಮಿತಿಮೀರಿ ತುಂಬಿದ ಪಾಕ ಆರುತ್ತ ಬಂದಂತೆ ಹರಳುಗಟ್ಟುತ್ತದೆ. ಪಟ್ಟಿಯ ಅಂಟಿನೊಳಗೂ ಔಷಧ ಹೀಗೆಯೇ ಹರಳಾಗಬಹುದು. ಹರಳಾದ ಔಷಧ ಚಲಿಸದು. ಕಂಪವಾತದ ರೋಗಿಗಳಿಗಾಗಿ ಮಾಡಿದ ರೊಟಿಗೊಟಿನ್ ಪಟ್ಟಿಯಲ್ಲಿ ಹರಳುಗಳು ಕಾಣಿಸಿಕೊಂಡು 2008ರಲ್ಲಿ ಅದನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಸುಧಾರಿಸಿದ ಪಟ್ಟಿ ಅಲ್ಲಿಗೆ ಮರಳಿದುದು 2012ರಲ್ಲಿ. ಹರಳುಗಟ್ಟುವಿಕೆಯನ್ನು ತಡೆಯಲು ಪಾಲಿವಿನೈಲ್ ಪೈರೊಲಿಡೋನಿನಂಥ ಉದ್ದನೆಯ ಸರಪಣಿಯ ದ್ರವ್ಯಗಳನ್ನು ಬೆರೆಸುವ ಪದ್ಧತಿಯಿದೆ.

ಎರಡನೆಯ ಪ್ರಯತ್ನ ಔಷಧದ ರೂಪವನ್ನೇ ಬದಲಿಸುವುದು. ಡೈಕ್ಲೊಫೆನಾಕಿನ ಸೋಡಿಯಂ ಲವಣ ನೀರಿನಲ್ಲಿ ವಿದ್ಯುದಂಶವುಳ್ಳ ಅಯಾನಾಗಿ ಒಡೆಯುತ್ತದೆ. ಅಂಥ ಅಯಾನನ್ನು ಜಿಡ್ಡಿನ ಗಾರೆ ಒಳಬಿಡದು. ಸೋಡಿಯಂ ಬದಲು ಜಿಡ್ಡಿಗೆ ಒಗ್ಗುವ ಪ್ರತ್ಯಾಮ್ಲವೊಂದನ್ನು ಜೊತೆಗೂಡಿಸಿದರೆ ಎರಡೂ ಕೈಹಿಡಿದುಕೊಂಡು ಜೋಡಿಯಾಗಿ ಸಾಗಬಲ್ಲವು. ಎಪೊಲಮಿನ್ ಲವಣದ ಪಟ್ಟಿಯ ಮತ್ತು ಡೈಈಥೈಲಮಿನ್ ಲವಣದ ಮುಲಾಮಿನ ಗುಟ್ಟು ಇದೇ. ಇನ್ನೊಂದು ಉಪಾಯ ಮನೆಯ ಮದ್ದಿನಲ್ಲಿಯೇ ಇದೆ. ಕರ್ಪೂರ, ಪುದೀನಾ ಸತ್ವ, ಓಮದ ಸತ್ವ ಮೂರೂ ಗಟ್ಟಿ ಪದಾರ್ಥಗಳು. ಒಂದೇ ಶೀಷೆಯಲ್ಲಿ ಕೂಡಿಟ್ಟರೆ ತಾವಾಗಿಯೇ ನೀರಾಗುತ್ತವೆ. ಅಮೃತಧಾರೆಯೆಂಬ ಹೆಸರಿನಲ್ಲಿ ಅದು ಎಲ್ಲರಿಗೂ ಪರಿಚಿತ. ಒಂದು ಮತ್ತೊಂದರ ಕರಗುವ ಉಷ್ಣತೆಯನ್ನು ತಗ್ಗಿಸುವುದೇ ಇದಕ್ಕೆ ಕಾರಣ. ಪುದೀನಾ ಸತ್ವ, ಎಂದರೆ ಮೆಂಥಾಲ್, ಐಬುಪ್ರೊಫೆನಿನೊಡನೆಯೂ ಹೀಗೆಯೇ ವರ್ತಿಸುತ್ತದೆ. ಒಂಟಿಯಾಗಿ 75 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗುವ ಐಬುಪ್ರೊಫೆನ್ ಮೆಂಥಾಲಿನ ಸಹವಾಸದಲ್ಲಿ ಬಹಳ ಕಡಮೆ ಉಷ್ಣತೆಯಲ್ಲಿ ಕರಗಿ, ಚರ್ಮದ ಜಿಡ್ಡಿನಲ್ಲಿ ಸುಲಭವಾಗಿ ಬೆರೆಯುತ್ತದೆ.

ಮೂರನೆಯ ಪ್ರಯತ್ನ ಗಾರೆಯನ್ನು ಕೊಂಚ ಸಡಿಲಿಸುವುದು. ಇದಕ್ಕೆ ಅತ್ಯಂತ ಸರಳವೂ ನಿರಪಾಯಕರವೂ ಆದ ಸಾಧನ ನೀರು. ಚರ್ಮವನ್ನು ಗಾಳಿಯಾಡದಂತೆ ಮುಚ್ಚಿದರೆ ಒಳಗಿನ ತೇವ ಹೊರಹೋಗದೆ ಕೊಂಬಿನ ಪದರ ನೆನೆದು ಉಬ್ಬುತ್ತದೆ. ಆಗ ಔಷಧದ ಹಾದಿ ಸುಗಮವಾಗುತ್ತದೆ. ಎಕ್ಕದ ಎಲೆಯನ್ನು ಕಟ್ಟುವ ಅಜ್ಜಿ ಮಾಡಿದುದೂ ಇದನ್ನೇ. ಶೇಂಗಾ ಎಣ್ಣೆಯಲ್ಲಿ ಬಂಧಿತ ರೂಪದಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲ ಮತ್ತೊಂದು ಸಾಧನ. ಗಾರೆಯ ಕೊಬ್ಬಿನ ಸರಪಣಿಗಳು ನೆಟ್ಟಗಿದ್ದರೆ ಇದರ ಸರಪಣಿ ನಡುವೆ ಬಾಗಿದೆ. ಒಪ್ಪವಾಗಿ ಒಟ್ಟಿದ ಸೌದೆಯ ನಡುವೆ ಡೊಂಕು ಕೊರಡೊಂದು ಸೇರಿದಂತೆ ಅದು ಸಾಲನ್ನು ಕೆಡಿಸಿ ಸಂದು ಮಾಡುತ್ತದೆ. ಆಲ್ಕೊಹಾಲ್, ಪ್ರೊಪಿಲೀನ್ ಗ್ಲೈಕಾಲ್, ನೀಲಗಿರಿ ಎಣ್ಣೆಯ ಸಿನಿಯೋಲ್, ಮೆಂಥಾಲ್ ಇವೂ ಈ ವರ್ಗಕ್ಕೆ ಸೇರಿದವು. ಕಾಗದ ತಯಾರಿಕೆಯ ಉಪೋತ್ಪನ್ನವಾದ ಡೈಮೀಥೈಲ್ ಸಲ್ಫಾಕ್ಸೈಡ್ 1960ರ ದಶಕದಲ್ಲಿ ದೊಡ್ಡ ಆಸೆಯನ್ನು ಹುಟ್ಟಿಸಿತು. ಪ್ರಾಣಿಗಳ ಕಣ್ಣಿನ ಮಸೂರದಲ್ಲಿ ವ್ಯತ್ಯಾಸಗಳು ಕಂಡುದರಿಂದ 1965ರಲ್ಲಿ ಅಮೆರಿಕದಲ್ಲಿ ಅದರ ಪ್ರಯೋಗಗಳನ್ನು ತಡೆಹಿಡಿಯಲಾಯಿತು. ಮುಂದೆ ಅದೇ ದ್ರವವನ್ನು ಶೇಕಡ 45.5ರ ಪ್ರಮಾಣದಲ್ಲಿ ಸೇರಿಸಿದ ಡೈಕ್ಲೊಫೆನಾಕ್ ದ್ರಾವಣಕ್ಕೆ 2009ರಲ್ಲಿ ಅಲ್ಲಿ ಸಮ್ಮತಿ ದೊರೆಯಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗಾರೆಯನ್ನು ಹೆಚ್ಚು ಸಡಿಲಿಸಬಲ್ಲ ದ್ರವ್ಯಗಳು ಸಾಮಾನ್ಯವಾಗಿ ಚರ್ಮವನ್ನು ಹೆಚ್ಚು ಕೆರಳಿಸುತ್ತವೆ. ನವೆ, ಕೆಂಪು, ಗುಳ್ಳೆ ಇವು ಆ ಸಡಿಲಿಕೆಯ ಬೆಲೆ. ಔಷಧಕ್ಕೆಂದು ತೆರೆದ ಬಾಗಿಲು ಔಷಧಕ್ಕೆ ಮಾತ್ರ ತೆರೆದಿರುವುದಿಲ್ಲ.

ನಾಲ್ಕನೆಯದು ಹೊಸ ಹಾದಿಯನ್ನೇ ಮಾಡುವುದು. ವಿದ್ಯುತ್ತಿನ ಮಂದ ಪ್ರವಾಹದಿಂದ ಔಷಧವನ್ನು ನೂಕುವುದು ಒಂದು ವಿಧಾನ. ಡೈಕ್ಲೊಫೆನಾಕಿನ ಅಯಾನು ಋಣಾಂಶದ್ದಾದುದರಿಂದ ಅದನ್ನು ಋಣಧ್ರುವದ ಕೆಳಗಿಟ್ಟರೆ ಸಜಾತಿ ವಿಕರ್ಷಣೆಯಿಂದ ಒಳಕ್ಕೆ ಸರಿಯುತ್ತದೆ. ಮೈಕ್ರೋಸೂಜಿಗಳು ಮತ್ತೊಂದು ವಿಧಾನ. ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯ ಸಂಶೋಧಕರು 1998ರಲ್ಲಿ ಸುಮಾರು 150 ಮೈಕ್ರೋಮೀಟರು ಉದ್ದದ ಸಿಲಿಕಾನ್ ಸೂಜಿಗಳಿಂದ ಚರ್ಮವನ್ನು ಚುಚ್ಚಿ, ಪರೀಕ್ಷೆಗೆಂದು ಬಳಸಿದ ಬಣ್ಣದ ದ್ರವ್ಯವೊಂದರ ಪ್ರವೇಶವನ್ನು ಸಾವಿರಾರು ಪಟ್ಟು ಹೆಚ್ಚಿಸಿ ತೋರಿಸಿದರು. ಕೊಂಬಿನ ಪದರವನ್ನು ದಾಟುವಷ್ಟು ಉದ್ದ, ನೋವಿನ ನರವನ್ನು ಕೆಣಕದಷ್ಟು ಗಿಡ್ಡ, ಇದು ಆ ಸೂಜಿಗಳ ಲಕ್ಷಣ.

ಇವುಗಳಲ್ಲಿ ಯಾವುದು ಮೇಲೆಂಬುದನ್ನು ಊಹೆಯಿಂದ ನಿರ್ಧರಿಸುವಂತಿಲ್ಲ, ಅಳೆಯಬೇಕು. ಅಳೆಯುವ ಸಾಧನ ಗಾಜಿನ ಒಂದು ಸರಳ ಪಾತ್ರೆ. ಥಾಮಸ್ ಫ್ರಾಂಜ್ ಅವರು 1975ರಲ್ಲಿ ಪ್ರಚಾರಕ್ಕೆ ತಂದ ಅದನ್ನು ಫ್ರಾಂಜ್ ಕೋಶವೆನ್ನುತ್ತಾರೆ. ಕೆಳಗಿನ ಕೋಣೆಯಲ್ಲಿ ರಕ್ತಕ್ಕೆ ಸಮಾನವಾದ ಕ್ಷಾರತೆಯುಳ್ಳ ದ್ರಾವಣ, ಮೇಲೆ ಪಟ್ಟಿ, ನಡುವೆ ಚರ್ಮದ ತುಂಡು. ಚರ್ಮದ ಮೇಲ್ಮೈ ಉಷ್ಣತೆ 32 ಡಿಗ್ರಿ. ಗಂಟೆಗೊಮ್ಮೆ ಕೆಳಗಿನ ದ್ರಾವಣದ ತೊಟ್ಟನ್ನು ತೆಗೆದು ಪರೀಕ್ಷಿಸಿದರೆ ಎಷ್ಟು ಔಷಧ ದಾಟಿತೆಂಬುದು ಗೊತ್ತಾಗುತ್ತದೆ. ಮನುಷ್ಯನ ಚರ್ಮ ಸುಲಭವಾಗಿ ಸಿಗದುದರಿಂದ ಹಂದಿಯ ಕಿವಿಯ ಚರ್ಮವನ್ನು ಬಳಸುವುದುಂಟು. ಹಾವು ಕಳಚಿದ ಪೊರೆಯನ್ನು ಬಳಸಬಹುದೆಂದು 1990ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪ್ರಾಣಿಗೆ ನೋವಿಲ್ಲದೆ ದೊರೆಯುವ ಆ ಪೊರೆ ಅನೇಕ ಪ್ರಯೋಗಶಾಲೆಗಳಲ್ಲಿ ಉಪಯೋಗಕ್ಕೆ ಬಂದಿದೆ. ಕರ್ನಾಟಕದ ಔಷಧ ವಿಜ್ಞಾನ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಇಂಥ ಪಟ್ಟಿಗಳನ್ನು ತಮ್ಮ ಕೈಯಿಂದಲೇ ಎರೆದು, ಒಣಗಿಸಿ, ಫ್ರಾಂಜ್ ಕೋಶದಲ್ಲಿಟ್ಟು ರಾತ್ರಿಯಿಡೀ ಮಾದರಿ ತೆಗೆಯುತ್ತ ಕುಳಿತು ಪ್ರಬಂಧಗಳನ್ನು ಸಿದ್ಧಪಡಿಸುತ್ತ ಬಂದಿದ್ದಾರೆ. ಆ ಶ್ರಮ ಹೊರಗಿನವರ ಕಣ್ಣಿಗೆ ಬೀಳುವುದು ಅಪರೂಪ.

ಪ್ರಯೋಗಶಾಲೆಯ ಗೆಲವು ಮೊಣಕಾಲಿನ ಗೆಲವಾಗಿ ಪರಿಣಮಿಸಿದೆಯೆ ಎಂಬುದು ಮುಖ್ಯ ಪ್ರಶ್ನೆ. ಕಾಕ್ರೇನ್ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಸವೆದ ಕೀಲಿನ ನೋವಿಗೆ ಆರರಿಂದ ಹನ್ನೆರಡು ವಾರ ಡೈಕ್ಲೊಫೆನಾಕನ್ನು ಹಚ್ಚಿಕೊಂಡವರಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಒಳ್ಳೆಯ ಉಪಶಮನ ದೊರೆಯಿತು. ಔಷಧವಿಲ್ಲದ ಬರಿಯ ಲೇಪ ಹಚ್ಚಿಕೊಂಡವರಲ್ಲಿ 50 ಮಂದಿಗೆ. ಈ ಅಂತರ ಸಣ್ಣದೆಂದು ತೋರಬಹುದು. ಲೇಪವನ್ನು ತಿಕ್ಕುವ ಕೈ, ಆರೈಕೆಯ ಭರವಸೆ, ಕಾಲಕ್ರಮದ ಏರಿಳಿತ ಇವು ಅರ್ಧದಷ್ಟು ಮಂದಿಗೆ ಹಿತ ತರುತ್ತವೆಂಬುದನ್ನೂ, ಔಷಧವು ಅದರ ಮೇಲೆ ಇನ್ನಷ್ಟು ಜನರನ್ನು ಸೇರಿಸುತ್ತದೆಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ಆದರೆ ಲಾಭವನ್ನು ಅಳೆಯುವಾಗ ತಪ್ಪಿದ ಹಾನಿಯನ್ನೂ ತಕ್ಕಡಿಯಲ್ಲಿಡಬೇಕು. ಮೇಲೆ ಹೇಳಿದ ಎಪೊಲಮಿನ್ ಪಟ್ಟಿಯನ್ನು ನಾಲ್ಕು ದಿನ ಬಳಸಿದರೂ ರಕ್ತದಲ್ಲಿ ಕಾಣುವ ಔಷಧ 50 ಮಿಲಿಗ್ರಾಮಿನ ಒಂದು ಗುಳಿಗೆ ತರುವುದರ ಶೇಕಡ 1ಕ್ಕಿಂತ ಕಡಮೆ. ಜಠರಕ್ಕೂ ಮೂತ್ರಪಿಂಡಕ್ಕೂ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಮೆರಿಕದ ಕೀಲುರೋಗ ತಜ್ಞರ ಸಂಘವು 2019ರಲ್ಲಿ ಮೊಣಕಾಲಿನ ಸವೆತಕ್ಕೆ ಹಚ್ಚುವ ಔಷಧವನ್ನು ಬಲವಾಗಿ ಶಿಫಾರಸು ಮಾಡಿದುದು ಈ ವಿವೇಚನೆಯಿಂದಲೇ. ಮೊಣಕಾಲು, ಕೈಬೆರಳು, ಹಿಮ್ಮಡಿಯ ಗಂಟು ಇವು ಚರ್ಮಕ್ಕೆ ಸಮೀಪವಾದವು. ಸೊಂಟದ ಕೀಲು ಮಾಂಸದ ಆಳದಲ್ಲಿರುವುದರಿಂದ ಅಲ್ಲಿಗೆ ಪಟ್ಟಿಯ ಔಷಧ ತಲುಪುವುದೆಂದು ಆಶಿಸುವುದು ಸಲ್ಲದು.

ಪಟ್ಟಿಯೆಂದರೆ ನಿರಪಾಯಕರವಾದ ಕಾಗದವೆಂಬ ಭಾವನೆಯೂ ಸಲ್ಲದು. ಕೀಟೊಪ್ರೊಫೆನ್ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ತೀವ್ರವಾದ ದದ್ದು ಏಳಬಹುದು. ಆದುದರಿಂದ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2010ರಲ್ಲಿ, ಬಳಸುವಾಗಲೂ ನಿಲ್ಲಿಸಿದ ಮೇಲೆ ಎರಡು ವಾರಗಳವರೆಗೂ ಆ ಭಾಗವನ್ನು ಬಿಸಿಲಿನಿಂದ ಮರೆಮಾಡಬೇಕೆಂದು ಸೂಚಿಸಿತು. ಹೊಲದಲ್ಲಿ ದುಡಿಯುವವರು ಇದನ್ನು ವಿಶೇಷವಾಗಿ ಅರಿತಿರಬೇಕು. ಪಟ್ಟಿಯ ಮೇಲೆ ಬಿಸಿನೀರಿನ ಚೀಲವಿಡುವ ಅಭ್ಯಾಸ ಒಳ್ಳೆಯದಲ್ಲ. ಕಾವು ಔಷಧದ ಓಟವನ್ನು ಲೆಕ್ಕತಪ್ಪಿಸುತ್ತದೆ. ಅತಿ ಪ್ರಬಲ ನೋವುನಿವಾರಕವಾದ ಫೆಂಟನಿಲ್ ಪಟ್ಟಿಗಳ ಬಗ್ಗೆ ಅಮೆರಿಕದ ಸರಕಾರ 2005ರಲ್ಲಿ ಇಂಥದೇ ಎಚ್ಚರಿಕೆಯನ್ನು ನೀಡಬೇಕಾಗಿ ಬಂದಿತ್ತು. ಮೈಯ ಎಲ್ಲ ಭಾಗದ ಚರ್ಮವೂ ಒಂದೇ ಸಮನಲ್ಲ. ಫೆಲ್ಡ್‌ಮನ್ ಮತ್ತು ಮೈಬಾಕ್ ಅವರು 1967ರಲ್ಲಿ ಹೈಡ್ರೊಕಾರ್ಟಿಸೋನನ್ನು ಹಚ್ಚಿ ಅಳೆದಾಗ, ಮುಂಗೈಗೆ ಹೋಲಿಸಿದರೆ ಹಣೆಯಲ್ಲಿ ಆರು ಪಟ್ಟು ಹೆಚ್ಚಾಗಿಯೂ ಅಂಗಾಲಿನಲ್ಲಿ ಏಳನೆಯ ಒಂದು ಪಾಲಾಗಿಯೂ ಒಳಸೇರಿತು. ಬಿರಿದ ಚರ್ಮದ ಮೇಲೆ, ಗಾಯದ ಮೇಲೆ ಪಟ್ಟಿಯನ್ನು ಅಂಟಿಸುವಂತಿಲ್ಲ. ಅಲ್ಲಿ ಕಾವಲುಗಾರನೇ ಇಲ್ಲ. ತೆಗೆದ ಪಟ್ಟಿಯಲ್ಲಿ ಔಷಧ ಉಳಿದಿರುವುದರಿಂದ ಅಂಟಿನ ಭಾಗ ಒಳಗಾಗುವಂತೆ ಮಡಿಚಿ ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಬೇಕು.

ಮತ್ತೊಂದು ಭ್ರಮೆಯನ್ನು ನಿವಾರಿಸುವುದು ಅವಶ್ಯಕ. ಪಟ್ಟಿ ಹಾಕಿದ ಕೂಡಲೆ ಉಂಟಾಗುವ ತಂಪು, ಉರಿ, ಘಾಟು ಇವು ಮೆಂಥಾಲ್ ಮತ್ತು ಅದರಂಥ ದ್ರವ್ಯಗಳು ಚರ್ಮದ ನರಗಳನ್ನು ಮುಟ್ಟಿದುದರ ಫಲ. ಹಿತವಾದ ಅನುಭವವೇ ಸರಿ. ಆದರೆ ಅದು ಉರಿಯೂತದ ಔಷಧ ಕೀಲನ್ನು ತಲುಪಿತೆಂಬುದಕ್ಕೆ ಪುರಾವೆಯಲ್ಲ. ಔಷಧದ ನಡೆ ನಿಧಾನ. ಎಪೊಲಮಿನ್ ಪಟ್ಟಿಯಲ್ಲಿ ರಕ್ತದ ಮಟ್ಟ ಶಿಖರಕ್ಕೇರಲು 10ರಿಂದ 20 ಗಂಟೆ ಬೇಕು. ಆ ನಿಧಾನವನ್ನು ಅರಿಯದ ನಿವೃತ್ತ ಶಿಕ್ಷಕರು ಅರ್ಧ ಗಂಟೆ ಕಾದು, ಗುಣವಿಲ್ಲವೆಂದು ಮೇಲೊಂದು ಗುಳಿಗೆಯನ್ನೂ ನುಂಗಿದರೆ ಪಟ್ಟಿಯ ಉದ್ದೇಶವೇ ಸೋತಂತೆ. ವೈದ್ಯರನ್ನು ಕೇಳಿ, ಗುಳಿಗೆಯನ್ನು ಬಿಟ್ಟು, ಪಟ್ಟಿಗೆ ಕೆಲವು ದಿನಗಳ ಅವಕಾಶ ಕೊಡುವುದು ಲೇಸು.

ಇಷ್ಟೆಲ್ಲವನ್ನೂ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚರ್ಮವನ್ನು ಸೋಲಿಸುವುದು ವಿಜ್ಞಾನಕ್ಕೆ ಕಷ್ಟವಲ್ಲ. ಸೂಜಿಯಿಂದ ಚುಚ್ಚಬಹುದು, ದ್ರಾವಕದಿಂದ ಗಾರೆಯನ್ನು ತೊಳೆಯಬಹುದು. ಕಷ್ಟವಿರುವುದು ಕಾವಲನ್ನು ಕೆಡಿಸದೆ, ಬೇಕಾದುದನ್ನು ಬೇಕಾದಷ್ಟು ಮಾತ್ರ ಒಳಗೆ ಕಳುಹಿಸುವುದರಲ್ಲಿ. 180ರಲ್ಲಿ 10 ಮಿಲಿಗ್ರಾಮು ದಾಟಿಸುವ ಪಟ್ಟಿಯ ಬದಲು, 40 ಮಿಲಿಗ್ರಾಮು ತುಂಬಿ ಅದೇ 10ನ್ನು ದಾಟಿಸುವ ಪಟ್ಟಿ ಬಂದರೆ ಔಷಧವೂ ಉಳಿದೀತು, ಬೆಲೆಯೂ ಇಳಿದೀತು, ದಿನಕ್ಕೆರಡು ಪಟ್ಟಿ ಕೊಳ್ಳಲಾರದ ಮನೆಗಳಿಗೂ ಅದು ತಲುಪೀತು. ಇದು ದೊಡ್ಡ ಆವಿಷ್ಕಾರಗಳ ಸಾಲಿಗೆ ಸೇರುವ ಕೆಲಸವಲ್ಲ. ತಾಳ್ಮೆಯಿಂದ ಎರೆದು, ಒಣಗಿಸಿ, ಗಂಟೆಗೊಮ್ಮೆ ಅಳೆಯುವವರ ಕೆಲಸ. ಇಂದು ಶಾಲೆಯ ಪ್ರಯೋಗಾಲಯದಲ್ಲಿ ಸಕ್ಕರೆಯ ಹರಳು ಬೆಳೆಸುತ್ತಿರುವ ಹುಡುಗ ಹುಡುಗಿಯರಿಗೆ ಅದರ ಮೊದಲ ಪಾಠ ಆಗಲೇ ದೊರೆತಿದೆ.